ಇಟ್ಟು ಸವೆದದ್ದು

ಈ ಸಲ ನಾಗರ ಪಂಚಮಿಗೆ ಬೆಂಗಳೂರಿನಿಂದ ಬಂದ ನನ್ನ ಅಣ್ಣನ ಮಗ ಹೆಗಲ ಮೇಲೆ ಎದೆಯೆತ್ತರದ ಚೀಲವೊಂದನ್ನು ಹೊತ್ತು ಬಸ್ಸಿನಿಂದ ಇಳಿದ. ಮಿಶ್ರಿಕೋಟಿಯ ನಮ್ಮ ಓಣಿಯಲ್ಲಿ ಬೇವಿನ ಗಿಡಕ್ಕೆ ಆಗಷ್ಟೇ ಜೋಕಾಲಿ ಕಟ್ಟಿದ್ದರು. ಜೀಕುತ್ತಿದ್ದ ಮಕ್ಕಳು ಹಗ್ಗ ಬಿಟ್ಟು ಅವನ ಬೆನ್ನಿಗೆ ಓಡಿ ಬಂದವು. ಚೀಲದ ಬಾಯಲ್ಲಿ ಹೊಳೆಯುತ್ತಿದ್ದ ಕಬ್ಬಿಣದ ತಲೆಗಳನ್ನು ನೋಡಿ, ಇದು ಯಾವ ಬೇಸಾಯದ ಸಾಮಾನು ಎಂದು ಅವುಗಳಿಗೆ ಅಚ್ಚರಿ.

ಅದು ಗಾಲ್ಫ್ ಬ್ಯಾಗು. ಹುಡುಗ ನಾಲ್ಕು ವರ್ಷಗಳಿಂದ ಬೆಂಗಳೂರಿನ ಗಾಲ್ಫ್ ಮೈದಾನವೊಂದರಲ್ಲಿ ಕ್ಯಾಡಿಯಾಗಿ ದುಡಿಯುತ್ತಿದ್ದಾನೆ. ಅಂದರೆ ಆಟಗಾರರ ಬ್ಯಾಗು ಹೊತ್ತು ಅವರ ಜೊತೆ ನಡೆಯುವವನು. ಅವನು ಬ್ಯಾಗು ಹೊರುವ ಹಿರಿಯರೊಬ್ಬರು ಹೊಸ ಸೆಟ್ಟು ಕೊಂಡು ಹಳೆಯದನ್ನು ಇವನಿಗೆ ಕೊಟ್ಟಿದ್ದಾರೆ. ಕಟ್ಟೆಗೆ ಬ್ಯಾಗು ಆನಿಸಿ, ಎಲ್ಲಕ್ಕಿಂತ ಉದ್ದನೆಯ ಕೋಲನ್ನು ಹೊರಗೆಳೆದು ನನ್ನ ಕೈಗಿಟ್ಟ. ಕಪ್ಪಗೆ ಮಿರುಗುವ ಕೋಲು. ತಲೆಯಿಂದ ಒಂದು ಗೇಣು ಕೆಳಗೆ, ಸುತ್ತಲೂ ಬಣ್ಣ ಹೋಗಿ ಬೂದಿ ಬಣ್ಣದ ಉಂಗುರ.

“ಕಾಕಾ, ಸಾಹೇಬ್ರು ಭಾಳ ಜ್ವಾಪಾನಲೆ ಆಡ್ತಾರ. ಒಂದಿನಾನೂ ನೆಲಕ್ಕ ಬಡದಿಲ್ಲ, ಗಿಡಕ್ಕ ತಾಗಿಸಿಲ್ಲ. ಆದ್ರೂ ಇಲ್ಲಿ ಹೆಂಗ ಉಂಗುರ ಬಿತ್ತು?”

ಜೋಕಾಲಿ ಕಟ್ಟಿಕೊಟ್ಟು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ ನಮ್ಮೂರ ಹಿರಿಯ ಬಡಿಗೇರರು ಕೈ ಚಾಚಿ ಕೋಲು ಇಸಿದುಕೊಂಡರು. ಕೊಡಲಿ ಕಾವು, ಗುದ್ದಲಿ ಕಾವು, ಕೂರಿಗೆ, ಕುಂಟಿ, ನೊಗ ಮಾಡುತ್ತಲೇ ಐವತ್ತು ವರ್ಷ ಕಳೆದ ಕೈ. ಆ ಉಂಗುರದ ಮೇಲೆ ಹೆಬ್ಬೆರಳು ಆಡಿಸಿ, ಕೋಲನ್ನು ಒಮ್ಮೆ ಹೊರಳಿಸಿ ನೋಡಿ ಹೇಳಿದರು: “ಇದು ಬಡದು ಸವದದ್ದಲ್ರಿ ಮಾಸ್ತರ್ರ. ಇಟ್ಟು ಸವದದ್ದು.”

ಗಾಲ್ಫ್ ಆಟವನ್ನು ಅವರು ಜನ್ಮದಲ್ಲಿ ನೋಡಿದವರಲ್ಲ. ಆದರೆ ಅವರಂದದ್ದು ಅಕ್ಷರಶಃ ನಿಜ. ಹುಡುಗನ ಪ್ರಶ್ನೆಗೆ ಉತ್ತರ ಆ ಮಾತಿನಲ್ಲೇ ಇರುವುದರಿಂದ ಈ ವಾರದ ಅಂಕಣವನ್ನು ಅದನ್ನು ಬಿಡಿಸಿ ಹೇಳುವುದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ಬ್ಯಾಗಿನೊಳಗೆ ಏನಿರುತ್ತದೆ ನೋಡೋಣ. ಗಾಲ್ಫ್ ಕೋಲಿಗೆ ಮೂರು ಭಾಗ. ಚೆಂಡಿಗೆ ಬಡಿಯುವ ತಲೆ, ಕೈಯಲ್ಲಿ ಹಿಡಿಯುವ ರಬ್ಬರಿನ ಗ್ರಿಪ್ಪು, ಇವೆರಡನ್ನೂ ಕೂಡಿಸುವ ಉದ್ದನೆಯ ದಂಡ. ಈ ದಂಡಕ್ಕೆ ಮೈದಾನದವರು ಶಾಫ್ಟ್ ಎನ್ನುತ್ತಾರೆ. ದೂರ ಹೊಡೆಯಲು ದಪ್ಪ ತಲೆಯ ಡ್ರೈವರ್ ಮತ್ತು ವುಡ್‌ಗಳು, ನಡುವಿನ ದೂರಕ್ಕೆ ಚಪ್ಪಟೆ ಉಕ್ಕಿನ ತಲೆಯ ಐರನ್‌ಗಳು, ಕೊನೆಗೆ ಚೆಂಡನ್ನು ಕುಳಿಗೆ ಉರುಳಿಸಲು ಪಟರ್. ಒಬ್ಬ ಆಟಗಾರ 14ಕ್ಕಿಂತ ಹೆಚ್ಚು ಕೋಲು ಒಯ್ಯುವಂತಿಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆ 1938ರಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಆರ್ ಅಂಡ್ ಎ 1939ರಲ್ಲಿ ಈ ಮಿತಿ ಹಾಕಿದವು. ಅದಕ್ಕೂ ಮೊದಲು ಕೆಲವರು ಇಪ್ಪತ್ತಕ್ಕೂ ಹೆಚ್ಚು ಕೋಲು ತುಂಬಿಸಿ ಕ್ಯಾಡಿಯ ಹೆಗಲಿಗೇರಿಸುತ್ತಿದ್ದರು. ಹದಿನಾಲ್ಕಾದರೂ ಕಡಿಮೆಯೇನಲ್ಲ. ಅಂಗೈಯಗಲದ ಬಾಯಿರುವ ಚೀಲದಲ್ಲಿ ಹದಿನಾಲ್ಕು ಕೋಲುಗಳು ತಲೆ ಮೇಲಾಗಿ, ಮೈಗೆ ಮೈ ತಾಗಿಸಿ ನಿಂತಿರುತ್ತವೆ.

ಈಗ ಒಂದು ಲೆಕ್ಕ ಹಾಕೋಣ. ಗಾಲ್ಫಿನ ಒಂದು ಸುತ್ತಿನಲ್ಲಿ 18 ಕುಳಿಗಳು. ಸಾಮಾನ್ಯ ಮೈದಾನದಲ್ಲಿ ಅವುಗಳ ಪೈಕಿ ನಾಲ್ಕು ಗಿಡ್ಡ ದೂರದವು, ಅಲ್ಲಿ ಡ್ರೈವರ್ ಬೇಕಾಗುವುದಿಲ್ಲ. ಉಳಿದದ್ದು 14. ಅಂದರೆ ಒಂದು ಸುತ್ತಿನಲ್ಲಿ ಡ್ರೈವರ್ ಚೆಂಡಿಗೆ ಬಡಿಯುವುದು ಹೆಚ್ಚೆಂದರೆ 14 ಸಲ. ಪ್ರತಿ ಸಲ ತಲೆ ಮತ್ತು ಚೆಂಡು ಒಂದಕ್ಕೊಂದು ತಾಗಿರುವ ಹೊತ್ತು ಸೆಕೆಂಡಿನ ಸುಮಾರು 2,000ದಲ್ಲಿ ಒಂದು ಭಾಗ. ಹದಿನಾಲ್ಕನ್ನೂ ಕೂಡಿಸಿದರೂ ಸೆಕೆಂಡಿನ ನೂರರಲ್ಲೊಂದು ಭಾಗ ತುಂಬುವುದಿಲ್ಲ. ಇನ್ನೊಂದು ಕಡೆ ನಡಿಗೆ ನೋಡಿ. ಒಂದು ಸುತ್ತು ಮುಗಿಸಲು ಆಟಗಾರನೂ ಕ್ಯಾಡಿಯೂ ಎಂಟು ಕಿಲೋಮೀಟರಿನ ಆಸುಪಾಸು ನಡೆಯುತ್ತಾರೆ, ಅದು 10,000 ಹೆಜ್ಜೆಯ ದಾರಿ. ಪ್ರತಿ ಹೆಜ್ಜೆಗೆ ಬ್ಯಾಗು ಒಮ್ಮೆ ಜಗ್ಗುತ್ತದೆ, ಒಳಗಿನ ಕೋಲುಗಳು ಒಮ್ಮೆ ಓಲಾಡುತ್ತವೆ, ಬ್ಯಾಗಿನ ಬಾಯಂಚಿಗೆ ಒಮ್ಮೆ ತಿಕ್ಕುತ್ತವೆ. ಆಡುವಾಗ ಹದಿನಾಲ್ಕು ಏಟು, ಹೊರುವಾಗ ಹತ್ತು ಸಾವಿರ ತಿಕ್ಕು. ಸಾಹೇಬರು ಎಷ್ಟು ಜ್ವಾಪಾನದಿಂದ ಆಡಿದರೂ ಉಂಗುರ ಬಿದ್ದದ್ದು ಈ ಕಾರಣಕ್ಕೆ.

ಉಂಗುರ ಅದೇ ಜಾಗದಲ್ಲಿ ಯಾಕೆ ಬಿತ್ತು ಎಂಬುದಕ್ಕೆ ಅಳತೆಪಟ್ಟಿ ಸಾಕು. ಡ್ರೈವರಿನ ಉದ್ದ 45 ಇಂಚು, ಸುಮಾರು 114 ಸೆಂಟಿಮೀಟರ್. ಬ್ಯಾಗಿನ ಎತ್ತರ ಸುಮಾರು 35 ಇಂಚು, ಅಂದರೆ 89 ಸೆಂಟಿಮೀಟರ್. ಡ್ರೈವರನ್ನು ಬ್ಯಾಗಿಗೆ ಇಳಿಸಿದಾಗ ಮೇಲಿನ 25 ಸೆಂಟಿಮೀಟರ್ ಹೊರಗುಳಿಯುತ್ತದೆ. ಬ್ಯಾಗಿನ ಬಾಯಂಚು ತಾಗುವುದು ಸರಿಯಾಗಿ ಅಲ್ಲಿಗೇ, ತಲೆಯಿಂದ ಒಂದು ಗೇಣು ಕೆಳಗೆ. ಶಾಫ್ಟ್ ಗ್ರಿಪ್ಪಿನ ಕಡೆ ದಪ್ಪ, ತಲೆಯ ಕಡೆ ಸಪೂರ. ಗ್ರಿಪ್ಪಿನ ಬುಡದಲ್ಲಿ 15 ಮಿಲಿಮೀಟರ್ ಇದ್ದದ್ದು ತಲೆ ಸೇರುವ ತುದಿಯಲ್ಲಿ 8.5 ಮಿಲಿಮೀಟರಿಗೆ ಇಳಿದಿರುತ್ತದೆ. ಹೀಗಾಗಿ ತಿಕ್ಕಾಟ ನಡೆಯುವುದು ಕೋಲಿನ ಸಣ್ಣ ಭಾಗದಲ್ಲಿ. ಬೀಸುವಾಗ ಬಾಗುವುದೂ ತಿರುಚುವುದೂ ಅಲ್ಲಿಯೇ ಹೆಚ್ಚು.

ಕಿರಿಕಿರಿ ಬಾಯಂಚಿನದೊಂದೇ ಅಲ್ಲ. ಐರನ್‌ಗಳು ಡ್ರೈವರಿಗಿಂತ ಗಿಡ್ಡ. ಏಳನೆಯ ನಂಬರಿನ ಐರನ್ 37 ಇಂಚು ಇರುತ್ತದೆ. ಬ್ಯಾಗಿನಲ್ಲಿ ನಿಲ್ಲಿಸಿದರೆ ಅದರ ಉಕ್ಕಿನ ತಲೆ ಬಾಯಂಚಿನಿಂದ ಬರೀ ಎರಡು ಇಂಚು ಮೇಲಿರುತ್ತದೆ. ಪಕ್ಕದಲ್ಲಿ ಡ್ರೈವರಿನ ಬರಿ ಮೈ. ಐರನ್ನಿನ ಚೂಪು ಅಂಚು ಹೆಜ್ಜೆ ಹೆಜ್ಜೆಗೂ ಆ ಮೈಗೆ ಬಡಿಯುತ್ತದೆ. ಬಾಯಂಚಿನ ತಿಕ್ಕಿಗೆ ಉಂಗುರ ಬಿದ್ದರೆ, ಐರನ್ನಿನ ಏಟಿಗೆ ಚುಕ್ಕೆ ಚುಕ್ಕೆ ಗಾಯ. ಉಂಗುರ ನಿಧಾನಕ್ಕೆ ಬೀಳುವಂಥದ್ದು, ಕಣ್ಣಿಗೂ ಕಾಣುತ್ತದೆ. ಗಾಯ ಒಮ್ಮೆಲೇ ಆಗುತ್ತದೆ, ಅದಕ್ಕೇ ಅದರ ಅಪಾಯ ಹೆಚ್ಚು.

ಈ ಸಂಕಟ ಮೊದಲಿನಿಂದ ಇದ್ದದ್ದಲ್ಲ. ಬ್ಯಾಗು ಬಳಕೆಗೆ ಬಂದದ್ದೇ ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಅದಕ್ಕೂ ಮುಂಚೆ ಕ್ಯಾಡಿಗಳು ಏಳೆಂಟು ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡು ನಡೆಯುತ್ತಿದ್ದರು. ಆಗ ಶಾಫ್ಟ್‌ಗಳು ಹಿಕ್ಕರಿ ಎಂಬ ಗಟ್ಟಿ ಮರದವು, ನಮ್ಮ ಜಾಲಿ ಕಟ್ಟಿಗೆಯ ಕಾವಿನ ಹಾಗೆ. ಮಳೆಯಲ್ಲಿ ನೆನೆಯದಿರಲೆಂದು ಕ್ಯಾನ್ವಾಸಿನ ಚೀಲ ಬಂತು. 1929ರಲ್ಲಿ ಆರ್ ಅಂಡ್ ಎ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಟ್ಟ ಮೇಲೆ ಮರ ಹಿಂದೆ ಸರಿಯಿತು. 1970ರ ದಶಕದಲ್ಲಿ ಗ್ರಾಫೈಟ್ ಬಂತು. ಹೆಸರು ಗ್ರಾಫೈಟ್ ಎಂದಿದ್ದರೂ ಅದು ಪೆನ್ಸಿಲಿನ ಸೀಸವಲ್ಲ, ಕಾರ್ಬನ್ ನಾರು.

ಈ ನಾರಿನ ಕೋಲನ್ನು ಮಾಡುವ ಬಗೆ ತಿಳಿದರೆ ಅದು ಯಾಕೆ ಸವೆತಕ್ಕೆ ಹೆದರುತ್ತದೆ ಎಂಬುದು ತಾನಾಗಿ ಹೊಳೆಯುತ್ತದೆ. ಕಾರ್ಬನ್ನಿನ ಒಂದು ಎಳೆಯ ದಪ್ಪ ಐದರಿಂದ ಏಳು ಮೈಕ್ರಾನ್. ನಮ್ಮ ತಲೆಗೂದಲಿನ ಹತ್ತರಲ್ಲಿ ಒಂದು ಭಾಗ ಎನ್ನಬಹುದು. ಇಂಥ ಲಕ್ಷಾಂತರ ಎಳೆಗಳನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ ಹಾಳೆ ಮಾಡುತ್ತಾರೆ. ಆ ಹಾಳೆಗಳನ್ನು ಉಕ್ಕಿನ ಸಲಾಕೆಯ ಮೇಲೆ ಪದರ ಪದರವಾಗಿ ಸುತ್ತಿ, ಒಲೆಯಲ್ಲಿ ಬೇಯಿಸಿ, ಅಂಟು ಗಟ್ಟಿಯಾದ ಮೇಲೆ ಸಲಾಕೆ ಹೊರಗೆಳೆಯುತ್ತಾರೆ. ಕೆಲವು ಪದರಗಳಲ್ಲಿ ಎಳೆಗಳು ಉದ್ದಕ್ಕೆ ಓಡುತ್ತವೆ, ಕೋಲು ಮುರಿಯದಂತೆ ಬಾಗಲು. ಕೆಲವು ಪದರಗಳಲ್ಲಿ ಓರೆಯಾಗಿ ಓಡುತ್ತವೆ, ಕೋಲು ತಿರುಚದಂತೆ ತಡೆಯಲು. ಉಳಿಯುವುದು ಒಳಗೆ ಟೊಳ್ಳಾದ, ತೆಳು ಗೋಡೆಯ ಕೊಳವೆ. ಮೇಲೆ ಬಣ್ಣ, ಅದರ ಮೇಲೆ ತಿಳಿಯಾದ ಲೇಪ. ಡ್ರೈವರಿನ ಇಂಥ ಶಾಫ್ಟ್ 50ರಿಂದ 70 ಗ್ರಾಂ ತೂಗುತ್ತದೆ. ಐರನ್ನಿನ ಉಕ್ಕಿನ ಶಾಫ್ಟ್ 100 ಗ್ರಾಂ ದಾಟುವುದುಂಟು. ಹಗುರವಾದಷ್ಟೂ ಬೀಸು ಹೆಚ್ಚು, ಚೆಂಡು ದೂರ. ಆದರೆ ಆ ಹಗುರಕ್ಕೆ ಕೊಡುವ ಬೆಲೆ ಗೋಡೆಯ ತೆಳುವು.

ಇಲ್ಲಿ ನನಗೆ ನಮ್ಮ ತಾಲ್ಲೂಕಿನ ತೊಟ್ಟಿಲು ನೆನಪಾಗುತ್ತದೆ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಕೇಳದ ಕನ್ನಡಿಗರು ಕಡಿಮೆ. ಸಾಗವಾನಿ ಕಟ್ಟಿಗೆಯ ಮೇಲೆ ಅರಗಿನ ಬಣ್ಣ, ಪಟ್ಟಿಗಳ ಮೇಲೆ ರಾಮಾಯಣದ, ಬಾಲಕೃಷ್ಣನ ಚಿತ್ರಗಳು. ಒಂದೇ ತೊಟ್ಟಿಲಲ್ಲಿ ಅಜ್ಜನೂ ಮೊಮ್ಮಗನೂ ಮಲಗಿದ ಮನೆಗಳಿವೆ. ಆ ಅರಗು ನೋಡಲು ಚೆಂದ ಎಂಬುದು ಅರ್ಧ ಮಾತು. ಕಟ್ಟಿಗೆಗೂ ತೇವಕ್ಕೂ ನಡುವೆ ನಿಂತು ಕಾಯುವುದು ಅದರ ಇನ್ನರ್ಧ ಕೆಲಸ. ಅದಕ್ಕೇ ತೊಟ್ಟಿಲನ್ನು ಬಿಚ್ಚಿ ಬೀಗರ ಊರಿಗೆ ಒಯ್ಯುವಾಗ ತಿಳಿದವರು ಪ್ರತಿಯೊಂದು ಕಾಲು, ಪ್ರತಿಯೊಂದು ಪಟ್ಟಿಗೂ ಹಳೆ ಧೋತರ ಸುತ್ತುತ್ತಾರೆ. ಎಲ್ಲವನ್ನೂ ಕೂಡಿಸಿ ಒಂದೇ ಗಂಟು ಕಟ್ಟಿದರೆ ಮೇಲಿನವರಿಗೆ ಗಂಟು ಕಾಣುತ್ತದೆ, ಒಳಗೆ ಕಟ್ಟಿಗೆಗೆ ಕಟ್ಟಿಗೆ ತಿಕ್ಕಿ ಅರಗು ಎದ್ದುಹೋಗುತ್ತದೆ. ಗಾಲ್ಫ್ ಶಾಫ್ಟಿನ ಮೇಲಿನ ಬಣ್ಣ ಮತ್ತು ತಿಳಿ ಲೇಪಕ್ಕೂ ಇದೇ ಕೆಲಸ. ಮೊದಲು ಸವೆಯುವುದು ಅದು. ಅದು ಹೋದ ಮೇಲೆ ಬಾಯಂಚು ನೇರವಾಗಿ ನಾರಿಗೇ ಕೈಹಾಕುತ್ತದೆ.

ಹಾಗಾದರೆ ಉಂಗುರ ಬಿದ್ದ ಕೋಲೆಲ್ಲ ಕೆಟ್ಟಿತೇ? ಇಲ್ಲ. ಬಣ್ಣ ಮಾತ್ರ ಹೋಗಿದ್ದರೆ ಕೋಲಿನ ಬಲಕ್ಕೆ ಧಕ್ಕೆಯಿಲ್ಲ. ನಾರು ಕಡಿದಿದ್ದರೆ ಆ ಕೋಲನ್ನು ಆಟಕ್ಕೆ ತರಬಾರದು. ವೃತ್ತಿಪರ ಆಟಗಾರ ಬೀಸುವಾಗ ಡ್ರೈವರಿನ ತಲೆ ಗಂಟೆಗೆ 180 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿರುತ್ತದೆ. ಆ ಹೊತ್ತಿನಲ್ಲಿ ಸವೆದ ಜಾಗದಲ್ಲಿ ಶಾಫ್ಟ್ ಮುರಿದರೆ 200 ಗ್ರಾಂ ತೂಕದ ತಲೆ ಕವಣೆಕಲ್ಲಿನಂತೆ ಹಾರುತ್ತದೆ, ಕೈಯಲ್ಲಿ ಉಳಿದ ತುಂಡಿನ ತುದಿ ಸೀಳುಬಿದಿರಿನಷ್ಟು ಚೂಪಾಗಿರುತ್ತದೆ. ಬೀಸುವವರ ಪಕ್ಕದಲ್ಲಿ ನಿಂತಿರುವವನು ಯಾರು? ಕ್ಯಾಡಿ. ನನ್ನ ಮನೆಯ ಹುಡುಗ. ಇದನ್ನು ಬರೀ ಬಣ್ಣದ ಮಾತು ಎಂದು ನಾನು ಬಿಡಲಾರದ್ದು ಅದಕ್ಕೇ.

ಬಣ್ಣ ಹೋಗಿದೆಯೋ ನಾರು ಕಡಿದಿದೆಯೋ ಎಂದು ತಿಳಿಯುವ ಪರೀಕ್ಷೆಗೆ ನಮ್ಮ ಸೀಮೆಯಲ್ಲಿ ಬೆಳೆಯುವ ಹತ್ತಿಯೇ ಸಾಕು. ಕಾಳು ತೆಗೆದ ಹತ್ತಿಯ ಒಂದು ಸಣ್ಣ ಉಂಡೆಯನ್ನು ಉಂಗುರದ ಸುತ್ತ, ಆಮೇಲೆ ಮೇಲೆ ಕೆಳಗೆ, ಹಗುರಾಗಿ ಸರಿಸಬೇಕು. ಜಾರಿಕೊಂಡು ಹೋದರೆ ನಾರು ಗಟ್ಟಿಯಿದೆ. ಎಳೆ ಎಳೆಯಾಗಿ ಸಿಕ್ಕಿಕೊಂಡರೆ ಅಲ್ಲಿ ನಾರು ತುಂಡಾಗಿ ಎದ್ದಿದೆ ಎಂದರ್ಥ. ಬರಿ ಬೆರಳಿನಿಂದ ಸವರಿ ನೋಡಬೇಡಿ, ಕಾರ್ಬನ್ನಿನ ಸಿಬಿರು ಚರ್ಮದೊಳಗೆ ಹೊಕ್ಕರೆ ತೆಗೆಯುವುದು ಕಷ್ಟ. ಹತ್ತಿ ಆಡಿಸಿದ ಮೇಲೆ ಉಗುರಿನ ತುದಿಯಿಂದ ಅಡ್ಡಕ್ಕೆ ಎಳೆದು ನೋಡಬಹುದು. ಉಗುರು ತಗ್ಗಿಗೆ ಬಿದ್ದು ನಿಂತರೆ ಸವೆತ ಬಣ್ಣ ದಾಟಿ ಒಳಗೆ ಹೋಗಿದೆ. ಅಂಥ ಶಾಫ್ಟಿಗೆ ಟೇಪು ಸುತ್ತಿ ಧೈರ್ಯ ತಂದುಕೊಳ್ಳುವುದು ತಪ್ಪು. ಟೇಪು ಗಾಯವನ್ನು ಮುಚ್ಚುತ್ತದೆ, ಬಲವನ್ನು ಮರಳಿ ಕೊಡುವುದಿಲ್ಲ. ಶಾಫ್ಟ್ ಬದಲಿಸಿ ತಲೆ, ಗ್ರಿಪ್ಪು ಮತ್ತೆ ಕೂಡಿಸುವ ಕುಶಲಿಗರು ದೊಡ್ಡ ಊರುಗಳಲ್ಲಿದ್ದಾರೆ, ಕೋಲನ್ನು ಅವರ ಕೈಗೆ ಕೊಡಬೇಕು. ನಮ್ಮ ಹುಡುಗನ ಡ್ರೈವರಿನ ಮೇಲೆ ಹತ್ತಿ ಎಲ್ಲಿಯೂ ಸಿಕ್ಕಲಿಲ್ಲ. ಹೋದದ್ದು ಬಣ್ಣವಷ್ಟೇ. ಅದು ತಿಳಿದ ಮೇಲೆ ಅವನ ಮುಖ ಅರಳಿತು.

ಉಕ್ಕಿನ ಶಾಫ್ಟ್ ಇದ್ದವರು ನಿಶ್ಚಿಂತರಾಗಬಹುದು ಎಂದೇನಿಲ್ಲ. ಉಕ್ಕಿನ ಮೇಲೆ ನಿಕ್ಕಲ್, ಕ್ರೋಮಿಯಂ ಲೇಪ ಇರುತ್ತದೆ. ಐರನ್‌ಗಳ ತಲೆ ಬಡಿದು ಲೇಪ ಎದ್ದ ಕಡೆ ಮಳೆನೀರು ಕೂತರೆ ತುಕ್ಕು ಹಿಡಿಯುತ್ತದೆ. ತುಕ್ಕು ತಗ್ಗು ತೋಡುತ್ತದೆ, ತಗ್ಗಿನಿಂದ ಬಿರುಕು ಹುಟ್ಟುತ್ತದೆ. ಗ್ರಾಫೈಟಿಗೆ ತಿಕ್ಕಾಟ ಶತ್ರುವಾದರೆ ಉಕ್ಕಿಗೆ ತಿಕ್ಕಾಟ ಬಾಗಿಲು ತೆರೆಯುತ್ತದೆ, ನೀರು ಒಳಗೆ ಬರುತ್ತದೆ.

ತಿಕ್ಕಾಟಕ್ಕೆ ಸಾಣೆ ಹಿಡಿಯುವುದು ಧೂಳು. ಬಟ್ಟೆಯಂಚಿಗೆ ಕೋಲು ತಿಕ್ಕಿದರೆ ಬೇಗ ಏನೂ ಆಗದು. ನಡುವೆ ಮಣ್ಣಿನ ಕಣ ಬಂದರೆ ಅದೇ ಬಟ್ಟೆ ಪಾಲೀಶ್ ಕಾಗದವಾಗುತ್ತದೆ. ಮರಳಿನ ಕಣದಲ್ಲಿರುವ ಸ್ಫಟಿಕಶಿಲೆಗೆ ಖನಿಜಗಳ ಗಡಸುತನದ ಹತ್ತರ ಅಳತೆಯಲ್ಲಿ 7 ಅಂಕ, ಚಾಕುವಿನ ಉಕ್ಕಿಗೆ ಐದೂವರೆಯ ಆಸುಪಾಸು. ಚಾಕುವನ್ನೇ ಗೀರಬಲ್ಲ ಕಣಕ್ಕೆ ಬಣ್ಣದ ಲೇಪ ಯಾವ ಲೆಕ್ಕ? ಗಾಲ್ಫ್ ಮೈದಾನದಲ್ಲಿ ಬೇಕೆಂದೇ ತೋಡಿದ ಮರಳಿನ ಗುಂಡಿಗಳಿರುತ್ತವೆ. ಅಲ್ಲಿಂದ ಹೊಡೆದ ಕೋಲನ್ನು ಒರೆಸದೆ ಬ್ಯಾಗಿಗೆ ಇಳಿಸಿದರೆ ಮರಳನ್ನೂ ಜೊತೆಗೆ ಇಳಿಸಿದಂತೆ. ಅದು ಬ್ಯಾಗಿನ ಬಾಯಿಯ ಬಟ್ಟೆಯಲ್ಲಿ ಕೂತು ತಿಂಗಳುಗಟ್ಟಲೆ ತಿಕ್ಕುತ್ತದೆ.

ಇನ್ನು ಕಾಪಾಡುವ ದಾರಿ. ಖರ್ಚಿಲ್ಲದ್ದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಅರ್ಧಕ್ಕಿಂತ ಹೆಚ್ಚು ಲಾಭ ಅಲ್ಲಿಯೇ ಇದೆ.

ಮೊದಲನೆಯದು ಜೋಡಣೆ. ಉದ್ದನೆಯ ಕೋಲುಗಳು ಬ್ಯಾಗಿನ ಬೆನ್ನಿನ ಕಡೆ, ಅಂದರೆ ಹೆಗಲಪಟ್ಟಿ ಇರುವ ಬದಿಗೆ. ಗಿಡ್ಡವು ಮುಂದಿನ ಬದಿಗೆ. ಬ್ಯಾಗನ್ನು ಓರೆಯಾಗಿ ನಿಲ್ಲಿಸಿದಾಗ ತಲೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣಬೇಕು. ಹೀಗಿಟ್ಟರೆ ಐರನ್‌ಗಳ ಉಕ್ಕಿನ ತಲೆ ಡ್ರೈವರಿನ ಗ್ರಾಫೈಟ್ ಮೈಯಿಂದ ದೂರ ಉಳಿಯುತ್ತದೆ. ಒಂದೇ ಖಾನೆಯಲ್ಲಿ ಗ್ರಾಫೈಟ್ ಮತ್ತು ಉಕ್ಕನ್ನು ಕೂಡಿಸದಿರುವುದು ಇನ್ನೂ ಒಳ್ಳೆಯದು.

ಎರಡನೆಯದು ಕೈಯ ಸಂಯಮ. ಕೋಲನ್ನು ಮೇಲಿನಿಂದ ಕೈಬಿಟ್ಟು ಒಳಗೆ ಬೀಳಿಸಬಾರದು, ಇಳಿಸಬೇಕು. ಬ್ಯಾಗಿನ ತಳದಲ್ಲಿ ಗ್ರಿಪ್ಪುಗಳು ಒಂದಕ್ಕೊಂದು ತೊಡರಿಕೊಂಡಿರುತ್ತವೆ. ಜಗ್ಗಿ ಎಳೆದರೆ ಶಾಫ್ಟ್ ಬಾಯಂಚಿಗೆ ಉಜ್ಜಿಕೊಂಡೇ ಮೇಲೆ ಬರುತ್ತದೆ. ಒಂದು ಸುತ್ತು ತಿರುಗಿಸಿ ತೊಡರು ಬಿಡಿಸಿ ನೇರವಾಗಿ ಎತ್ತಬೇಕು. ಹಳೆಯ ಕ್ಯಾಡಿಗಳು ನಡೆಯುವಾಗ ಮುಂಗೈಯನ್ನು ಕೋಲುಗಳ ತಲೆಯ ಮೇಲೆ ಒರಗಿಸಿಕೊಂಡಿರುವುದನ್ನು ನೀವು ನೋಡಿರಬಹುದು. ಅದು ಆಯಾಸಕ್ಕೆ ಹಿಡಿದ ಆಸರೆಯಲ್ಲ. ಕೋಲುಗಳ ಓಲಾಟ ನಿಲ್ಲಿಸುವ ಉಪಾಯ. “ನಮ್ಮ ಹಿರೇ ಕ್ಯಾಡಿ ಮೊದಲನೇ ದಿನಾನ ಇದನ್ನ ಹೇಳಿಕೊಟ್ಟಾರ ಕಾಕಾ, ಸಪ್ಪಳ ಬಂದ್ರ ತಪ್ಪು ನಿಂದು ಅಂತಾರ” ಎಂದ ನಮ್ಮ ಹುಡುಗ. ಸದ್ದೇ ಸವೆತದ ಸುಳಿವು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು?

ಮೂರನೆಯದು ಒರೆಸುವುದು. ಕೋಲು ಬ್ಯಾಗಿಗೆ ಮರಳುವ ಮೊದಲು ತಲೆಯ ಜೊತೆಗೆ ಶಾಫ್ಟನ್ನೂ ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಸವರಬೇಕು. ತಿಂಗಳಿಗೊಮ್ಮೆ ಎಲ್ಲ ಕೋಲು ತೆಗೆದು, ಬ್ಯಾಗನ್ನು ಬೋರಲು ಮಾಡಿ ಕೊಡವಬೇಕು. ಬಾಯಂಚಿನ ಬಟ್ಟೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಮಳೆಯಲ್ಲಿ ನೆನೆದ ದಿನ ಬ್ಯಾಗಿನ ಬಾಯಿ ಮುಚ್ಚದೆ, ಕೋಲುಗಳನ್ನು ಹೊರಗಿಟ್ಟು ನೆರಳಲ್ಲಿ ಆರಿಸಬೇಕು.

ಇನ್ನು ಸ್ವಲ್ಪ ಖರ್ಚಿನವು. ಡ್ರೈವರ್, ವುಡ್‌ಗಳಿಗೆ ಹಾಕುವ ಹೆಡ್ ಕವರಿನಲ್ಲಿ ಗಿಡ್ಡವೂ ಇವೆ, ಕಾಲುಚೀಲದಂತೆ ಶಾಫ್ಟಿನ ಮೇಲೆ ಇಳಿಬೀಳುವ ಉದ್ದನೆಯವೂ ಇವೆ. ಕೊಳ್ಳುವುದಾದರೆ ಉದ್ದನೆಯದನ್ನೇ ಕೊಳ್ಳಿ. ಐರನ್‌ಗಳ ಏಟು ಬೀಳುವ ಭಾಗವನ್ನು ಅದು ಮುಚ್ಚುತ್ತದೆ. ಹೊಸ ಬ್ಯಾಗು ಕೊಳ್ಳುವವರು ಬಾಯಿಗೆ ಕೈ ಹಾಕಿ ಎರಡು ಸಂಗತಿ ನೋಡಬೇಕು. ಬಾಯಂಚು ಮತ್ತು ಖಾನೆಗಳ ಅಡ್ಡಪಟ್ಟಿಗೆ ಮೆತ್ತನೆಯ ಬಟ್ಟೆ ಹೊದಿಸಿದ್ದಾರೆಯೇ ಅಥವಾ ಬರೀ ಪ್ಲಾಸ್ಟಿಕ್ಕೇ? ಖಾನೆಗಳ ಗೋಡೆ ತಳದವರೆಗೆ ಇಳಿದಿದೆಯೇ ಅಥವಾ ಬಾಯಲ್ಲಿ ಮಾತ್ರ ಇದೆಯೇ? ಬಾಯಲ್ಲಿ ಹದಿನಾಲ್ಕು ಖಾನೆ ತೋರಿಸಿ ಒಳಗೆ ಎಲ್ಲ ಬಯಲಾಗಿರುವ ಬ್ಯಾಗುಗಳಿವೆ. ಅಂಥದ್ದರಲ್ಲಿ ಕೋಲುಗಳು ಒಳಗೊಳಗೇ ಜಗಳಾಡುತ್ತವೆ. ಇದಕ್ಕೆ ಕೆಲವರು ಪ್ಲಾಸ್ಟಿಕ್ ಕೊಳವೆ ಇಳಿಸುತ್ತಾರೆ. ಕೋಲಿಗೆ ಕೋಲು ತಾಗದಂತೆ ಅದು ತಡೆಯುತ್ತದೆ ನಿಜ. ಆದರೆ ಕೊಳವೆಯ ಬಾಯಿಯೂ ಒಂದು ಗಡಸು ಅಂಚೇ. ತಳದಲ್ಲಿ ಮರಳು ಕೂಡಿಕೊಳ್ಳುತ್ತದೆ. ಕೊಳವೆ ಹಾಕಿದವರು ಬಾಯಂಚಿಗೆ ಬಟ್ಟೆ ಅಂಟಿಸಿ, ಆಗಾಗ ತೆಗೆದು ತೊಳೆಯಬೇಕು.

ವಾಹನದಲ್ಲಿ ಒಯ್ಯುವಾಗ ಸವೆತ ಇನ್ನೂ ಜಾಸ್ತಿ. ಕಾರಿನ ಡಿಕ್ಕಿಯಲ್ಲಿ ಮಲಗಿಸಿದ ಬ್ಯಾಗಿನ ಕೋಲುಗಳು ರಸ್ತೆಯ ಪ್ರತಿ ತಗ್ಗಿಗೂ ಅದುರುತ್ತವೆ. ತಲೆಗಳ ನಡುವೆ ಒಂದು ಟವೆಲ್ ಹೆಣೆದಂತೆ ತೂರಿಸಿಟ್ಟರೆ ಸಾಕು, ಅದುರು ತಗ್ಗುತ್ತದೆ. ಬೇಸಿಗೆಯಲ್ಲಿ ಬ್ಯಾಗನ್ನು ಡಿಕ್ಕಿಯಲ್ಲೇ ದಿನಗಟ್ಟಲೆ ಬಿಡಬಾರದು, ತಲೆ ಮತ್ತು ಶಾಫ್ಟನ್ನು ಕೂಡಿಸುವ ಎಪಾಕ್ಸಿ ಅಂಟು ಕಾವಿಗೆ ಸಡಿಲುತ್ತದೆ. ವಿಮಾನದಲ್ಲಿ ಕಳಿಸುವವರು ಡ್ರೈವರಿಗಿಂತ ಎರಡು ಇಂಚು ಉದ್ದದ ಗಟ್ಟಿ ಕೋಲೊಂದನ್ನು ಬ್ಯಾಗಿನ ನಡುವೆ ನಿಲ್ಲಿಸಬೇಕು. ಬ್ಯಾಗು ತಲೆಕೆಳಗಾಗಿ ಬಿದ್ದರೆ ಏಟು ಆ ಕೋಲಿಗೆ ಬೀಳಲಿ, ಡ್ರೈವರಿನ ಕುತ್ತಿಗೆಗೆ ಬೀಳದಿರಲಿ.

ಇಷ್ಟೆಲ್ಲ ಓದಿದ ಮೇಲೆ ಧಾರವಾಡ ಜಿಲ್ಲೆಯ ಹಳ್ಳಿಯ ಓದುಗರು, ನಮಗೂ ಗಾಲ್ಫಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಬೆಂಗಳೂರು ಗಾಲ್ಫ್ ಕ್ಲಬ್ಬು ಶುರುವಾದದ್ದು 1876ರಲ್ಲಿ. ಬ್ರಿಟಿಷರು ತಂದ ಆಟ, ಆದರೆ ಬ್ಯಾಗು ಹೊತ್ತ ಹೆಗಲು ಈ ನೆಲದ್ದು. ಬೆಂಗಳೂರಿನ ಸಿ. ಮುನಿಯಪ್ಪ ಬೇರೆಯವರ ಬ್ಯಾಗು ಹೊರುವ ಕ್ಯಾಡಿಯಾಗಿದ್ದವರು. 2009ರಲ್ಲಿ ಅವರು ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯಿಂದ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರರಾಗಿ ಬೆಳೆದರು. ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ರಿಯೋ ಒಲಿಂಪಿಕ್ಸಿನಲ್ಲಿ ಆಡಿದಾಗ ಬ್ಯಾಗು ಹೊತ್ತವರು ಅವರ ತಂದೆ. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಹೊತ್ತವರು ಅವರ ತಾಯಿ. ನಾಲ್ಕು ದಿನ, ನಾಲ್ಕು ಸುತ್ತು, ಜಪಾನಿನ ಉರಿಬಿಸಿಲು. ಅದಿತಿ ನಾಲ್ಕನೆಯ ಸ್ಥಾನಕ್ಕೆ ಬಂದರು. ಒಂದೇ ಒಂದು ಹೊಡೆತ ಕಡಿಮೆಯಾಗಿದ್ದರೆ ಪದಕದ ಪೈಪೋಟಿಯಲ್ಲಿ ಉಳಿದಿರುತ್ತಿದ್ದರು. ಅಂಥ ಹೊತ್ತಿನಲ್ಲಿ ಕೈಗೆ ಬಂದ ಕೋಲು ನಂಬಿಕೆಗೆ ಗಟ್ಟಿಯಿರಬೇಕು. ಆ ಗಟ್ಟಿತನವನ್ನು ದಿನವೂ ಕಾಯುವವರು ಬ್ಯಾಗು ಹೊತ್ತವರು.

ಹೊತ್ತವರ ಜ್ಞಾನಕ್ಕೆ ನಾವು ಕೊಡುವ ಬೆಲೆ ಕಡಿಮೆ. ಬಡಿಗೇರರ ಮನೆಗೆ ಹೋದಾಗ ನೋಡಿದ್ದೇನೆ, ಅವರ ಉಳಿಗಳು ಒಂದು ದಪ್ಪ ಬಟ್ಟೆಯಲ್ಲಿ ಸಾಲಾಗಿ ಹೊಲಿದ ಜೇಬುಗಳಲ್ಲಿ ಒಂದೊಂದೇ ಮಲಗಿರುತ್ತವೆ, ಬಾಯಿಗೆ ಬಾಯಿ ತಾಗದ ಹಾಗೆ. ನಮ್ಮ ಹೊಲದ ಸಾಮಾನು ಹೇಗಿರುತ್ತದೆ? ಸಲಿಕೆ, ಕುಡುಗೋಲು, ಕೊಡಲಿ ಎಲ್ಲವನ್ನೂ ಟ್ರ್ಯಾಕ್ಟರಿನ ಹಿಂದೆ ಒಟ್ಟಿಗೆ ಎಸೆದು ಒಯ್ಯುತ್ತೇವೆ. ಕುಡುಗೋಲಿನ ಬಾಯಿ ಹೊಲ ಮುಟ್ಟುವ ಮೊದಲೇ ಮೊಂಡಾಗಿರುತ್ತದೆ. ಕೊಡಲಿಯ ಬಾಯಿ ತಾಗಿ ಸಲಿಕೆಯ ಕಾವಿನಲ್ಲಿ ಸೀಳು ಬಿಟ್ಟಿರುತ್ತದೆ. ಆಮೇಲೆ ಕಬ್ಬಿಣ ಚಲೋ ಇಲ್ಲ, ಕಟ್ಟಿಗೆ ಚಲೋ ಇಲ್ಲ ಎನ್ನುತ್ತೇವೆ. ಹುಡುಗರು ಕ್ರಿಕೆಟ್ ಬ್ಯಾಟನ್ನು ಸ್ಟಂಪುಗಳ ಜೊತೆ ಒಂದೇ ಚೀಲದಲ್ಲಿ ತುರುಕಿ ಬೈಕಿಗೆ ಕಟ್ಟುವುದೂ ಇದೇ ಕಥೆ. ದುಡಿತದಲ್ಲಿ ಸವೆದದ್ದಕ್ಕೆ ದುಃಖವಿಲ್ಲ, ಅದು ಫಲ ಕೊಟ್ಟು ಸವೆದಿರುತ್ತದೆ. ಇಟ್ಟಲ್ಲಿ ಸವೆದದ್ದು ಯಾರಿಗೂ ಉಪಯೋಗವಾಗದೆ ಹೋದದ್ದು.

ಪಂಚಮಿ ಮುಗಿದ ಮರುದಿನ ಮನೆಯಲ್ಲಿ ಹೊಲಿಗೆ ಕೆಲಸ ಶುರುವಾಯಿತು. ಹುಡುಗನ ಬ್ಯಾಗಿನಲ್ಲಿ ಆರು ಖಾನೆ, ಗೋಡೆಗಳು ಬಾಯಲ್ಲಿ ಮಾತ್ರ. ನನ್ನ ಹೆಂಡತಿ ಹರಿದ ಕೌದಿಯೊಂದನ್ನು ತೆಗೆದು ಖಾನೆಯ ಅಳತೆಗೆ ಸರಿಯಾಗಿ ಉದ್ದನೆಯ ತೋಳಿನಂಥ ಆರು ಚೀಲ ಹೊಲಿದಳು. ಹಳೆಯ ಸೀರೆಗಳ ಏಳೆಂಟು ಪದರದ ಕೌದಿ. ಮೆತ್ತಗಿದ್ದರೂ ಗಟ್ಟಿ. ಬಾಯಿಗೆ ಗುಂಡಿ ಇಟ್ಟು ಬ್ಯಾಗಿನ ಅಂಚಿಗೆ ಸಿಕ್ಕಿಸುವಂತೆ, ಬೇಕಾದಾಗ ತೆಗೆದು ಒಗೆಯುವಂತೆ ಮಾಡಿದಳು. “ಚಿಗವ್ವಾ, ಇದು ಸವದು ಹರದ್ರ?” ಎಂದು ಹುಡುಗ ಕೇಳಿದ. “ಹರೀಲಿ ಬಿಡೋ ತಮ್ಮಾ, ಇನ್ನೊಂದು ಹೊಲದರಾತು” ಎಂದಳು. ಬ್ಯಾಗು ಹೆಗಲಿಗೇರಿಸಿ ಅಂಗಳದ ತುಂಬ ಎರಡು ಸುತ್ತು ನಡೆದ. ಕೋಲುಗಳ ಸದ್ದು ಕೇಳಲಿಲ್ಲ.

ಅವನನ್ನು ಹುಬ್ಬಳ್ಳಿಯ ಬಸ್ಸಿಗೆ ಹತ್ತಿಸಿ ಬರುವಾಗ ಬಡಿಗೇರರು ಬೇವಿನ ಗಿಡದಿಂದ ಜೋಕಾಲಿ ಬಿಚ್ಚುತ್ತಿದ್ದರು. ಟೊಂಗೆಗೂ ಹಗ್ಗಕ್ಕೂ ನಡುವೆ ಅವರು ಗೋಣಿತಟ್ಟು ಸುತ್ತಿದ್ದನ್ನು ಕಟ್ಟುವ ದಿನ ನಾನು ಗಮನಿಸಿರಲಿಲ್ಲ. ಓಣಿಯ ಮಕ್ಕಳೆಲ್ಲ ಹಗಲಿಡೀ ಜೀಕಿದ ತಿಕ್ಕಿಗೆ ಆ ತಟ್ಟು ಚಿಂದಿಯಾಗಿತ್ತು. ಹಗ್ಗವನ್ನು ಕೈಯಲ್ಲಿ ಹಿಡಿದು ಉದ್ದಕ್ಕೂ ಸವರಿ ನೋಡಿದೆ. ಒಂದು ಎಳೆಯೂ ಎದ್ದಿರಲಿಲ್ಲ.